ಇಸ್ತ್ರಿ ಪೆಟ್ಟಿಗೆ ಮಕ್ಕಳ ಕೈಗೆ ಕೊಟ್ಟಿದ್ದು: ನನ್ನ ಅನುಭವ

"ನಿಮ್ಮ ಮಗಳು ತನ್ನ ಬಟ್ಟೆಗೆ ತಾನೇ ಇಸ್ತ್ರಿ ಹಾಕ್ಕೋತಾಳಾ? ಎಷ್ಟನೇ ವಯಸ್ಸಿಗೆ ಕಲಿಸಿದ್ರಿ?" ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಹತ್ತು ಅಂದರೆ "ಅಷ್ಟು ಚಿಕ್ಕವಳಿಗಾ!" ಅಂತ ಹುಬ್ಬೇರಿಸುತ್ತಾರೆ. ಮೂರು ಅಂದರೆ ನನ್ನ ತಲೆ ಕೆಟ್ಟಿದೆಯಾ ಅನ್ನುವ ಹಾಗೆ ನೋಡುತ್ತಾರೆ. ಎರಡೂ ನಿಜ. ಮೂರನೇ ವರ್ಷಕ್ಕೆ ಅವಳು ಇಸ್ತ್ರಿ ಕೆಲಸಕ್ಕೆ ಸೇರಿದಳು. ಹತ್ತನೇ ವರ್ಷಕ್ಕೆ ಬಿಸಿ ಪೆಟ್ಟಿಗೆ ಹಿಡಿದಳು. ನಡುವಿನ ಏಳು ವರ್ಷದಲ್ಲಿ ಅವಳು ಮಾಡಿದ ತಪ್ಪಿಗಿಂತ ನಾನು ಮಾಡಿದ್ದೇ ಜಾಸ್ತಿ.

ನಮ್ಮ ಮನೆಯಲ್ಲಿ ಇಸ್ತ್ರಿ ನನ್ನ ಪಾಲಿನ ಕೆಲಸ. ಭಾನುವಾರ ಬೆಳಿಗ್ಗೆ ವಾರದ ಬಟ್ಟೆಯನ್ನೆಲ್ಲ ಗುಡ್ಡೆ ಹಾಕಿಕೊಂಡು ನಿಲ್ಲುತ್ತೇನೆ. ಮಗಳಿಗೆ ಆಗ ಮೂರು ವರ್ಷ. ಪ್ರತಿ ವಾರ ಬಂದು "ನಾನೂ ಮಾಡ್ತೀನಿ" ಅನ್ನುತ್ತಿದ್ದಳು. "ಬೇಡ ಪುಟ್ಟಿ, ಸುಡುತ್ತೆ, ಆಚೆ ಹೋಗಿ ಆಟ ಆಡು" ಅಂತ ಕಳಿಸುತ್ತಿದ್ದೆ. ಒಂದು ದಿನ ಇದನ್ನು ಕೇಳಿಸಿಕೊಂಡ ನನ್ನ ಹೆಂಡತಿ, "ಬರ್ತೀನಿ ಅಂದಾಗ ಆಚೆ ಕಳಿಸಿ, ಹನ್ನೆರಡು ವರ್ಷ ಆದ್ಮೇಲೆ ಬಾ ಅಂದ್ರೆ ಬರ್ತಾಳಾ?" ಅಂದಳು. ಉತ್ತರ ಹೊಳೆಯಲಿಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ಈ "ನಾನೂ" ಅನ್ನೋದು ಮೂರು ವರ್ಷಕ್ಕಿಂತ ಮುಂಚೆಯೇ ಶುರುವಾಗುತ್ತದೆ. ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಸೆಲೊ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ದೊಡ್ಡವರು ಬಟ್ಟೆ ಒಣಹಾಕುವಾಗ ಕ್ಲಿಪ್ ಬೀಳಿಸಿ, ಅದು ಕೈಗೆ ಸಿಗದೆ ಒದ್ದಾಡುವ ಹಾಗೆ ಮಾಡುತ್ತಾರೆ. ಹದಿನೆಂಟು ತಿಂಗಳ ಮಕ್ಕಳಲ್ಲಿ ಬಹಳಷ್ಟು ಜನ ಯಾರೂ ಹೇಳದೆಯೇ ಹೋಗಿ ಎತ್ತಿ ಕೊಟ್ಟರು. ಹಾಗಾದರೆ ಮಕ್ಕಳಿಗೆ ಮನೆಕೆಲಸದ ಆಸೆ ಹುಟ್ಟಿಸಬೇಕಾದ್ದೇ ಇಲ್ಲ. ಇರುವುದನ್ನು ಕೊಲ್ಲದಿದ್ದರೆ ಸಾಕು. ನಾನು ಪ್ರತಿ ಭಾನುವಾರ ಮಾಡುತ್ತಿದ್ದದ್ದು ಆ ಕೊಲೆಗೆಲಸವನ್ನೇ.

ಹಾಗಂತ ಬಿಸಿ ಪೆಟ್ಟಿಗೆಯನ್ನು ಮೂರು ವರ್ಷದ ಮಗುವಿಗೆ ಕೊಡೋಕಾಗಲ್ಲ ಅಲ್ವಾ? ಒಂದು ಸಲ ನನ್ನ ಕೆಲಸವನ್ನು ನಾನೇ ಗಮನಿಸಿದೆ. ಒಂದು ಗಂಟೆ ಇಸ್ತ್ರಿ ಅಂದರೆ ಪೆಟ್ಟಿಗೆ ಉಜ್ಜುವುದಷ್ಟೇ ಅಲ್ಲ. ಬಟ್ಟೆ ಬೇರೆ ಮಾಡಬೇಕು, ಉಲ್ಟಾ ಇರುವುದನ್ನು ತಿರುಗಿಸಬೇಕು, ಒಣಗಿದ ಹತ್ತಿ ಬಟ್ಟೆಗೆ ನೀರು ಚಿಮುಕಿಸಬೇಕು, ಮಡಚಬೇಕು, ಹ್ಯಾಂಗರಿಗೆ ಹಾಕಬೇಕು, ಅವರವರ ಬೀರುವಿಗೆ ಸೇರಿಸಬೇಕು. ಇದರಲ್ಲಿ ಸುಡುವಂಥದ್ದು ಒಂದೇ. ಉಳಿದದ್ದನ್ನೆಲ್ಲ ನಾನು ಸುಮ್ನೆ ಒಬ್ಬನೇ ಇಟ್ಟುಕೊಂಡಿದ್ದೆ.

ನೀರು ಚಿಮುಕಿಸುವ ಕೆಲಸ ಅವಳಿಗೆ ಕೊಟ್ಟೆ. ಸ್ಪ್ರೇ ಬಾಟಲಿ ಹಿಡಿದು ಮೊದಲ ದಿನ ಬಟ್ಟೆಗಿಂತ ಗೋಡೆಗೇ ಜಾಸ್ತಿ ಹೊಡೆದಳು. ಕೂರಲು ಒಂದು ಚಾಪೆ ಹಾಕಿದೆ. ಪೆಟ್ಟಿಗೆ ಬಿಸಿ ಇರುವಷ್ಟು ಹೊತ್ತು ಚಾಪೆ ಬಿಟ್ಟು ಏಳುವ ಹಾಗಿಲ್ಲ. ಚಾಪೆ ನನ್ನಿಂದ ಎರಡು ಮೀಟರ್ ದೂರ. ಈ ಒಂದು ನಿಯಮ ಮುರಿದರೆ ಆ ದಿನದ ಇಸ್ತ್ರಿ ಅಲ್ಲಿಗೇ ಬಂದ್, ಪೆಟ್ಟಿಗೆ ಆಫ್. ಎರಡು ಸಲ ಬಂದ್ ಆಯಿತು. ಮೂರನೇ ಸಲ ಆಗಲಿಲ್ಲ.

ಐದನೇ ವರ್ಷಕ್ಕೆ ಟವೆಲ್ ಮಡಚುವುದು, ಕಾಲುಚೀಲ ಜೊತೆ ಮಾಡುವುದು, ಅಂಗಿಯ ಗುಂಡಿ ಹಾಕುವುದು. ನಾನು ಕೆಟ್ಟದ್ದು ಇಲ್ಲೇ. ಅವಳು ಮಡಚಿದ ಕರವಸ್ತ್ರಗಳು ಎಂಟು ಮೂಲೆಯ ಆಕಾರದಲ್ಲಿರುತ್ತಿದ್ದವು. ಅವಳು ಮಲಗಿದ ಮೇಲೆ ತೆಗೆದು ನೇರ ಮಾಡಿ ಮಡಚಿಡುತ್ತಿದ್ದೆ. ಒಂದು ರಾತ್ರಿ ನೀರು ಕುಡಿಯಲು ಎದ್ದು ಬಂದವಳು ಬಾಗಿಲಲ್ಲಿ ನಿಂತು ನೋಡಿದಳು. ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಚಾಪೆ ಖಾಲಿ. ಕರೆದರೆ, "ನೀನು ಹೆಂಗಿದ್ರೂ ಮತ್ತೆ ಮಾಡ್ತೀಯಲ್ಲ" ಅಂದಳು. ಅವಳು ವಾಪಸ್ ಬರಲು ನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನವೂ ಸೊಟ್ಟ ಮಡಿಕೆಯ ಕರವಸ್ತ್ರವನ್ನು ಅವಳಿಗೆ ಕಾಣುವ ಹಾಗೆ ಜೇಬಿನಿಂದ ತೆಗೆದು ಬಳಸಿದೆ. ನಾಟಕ ಅನ್ನಿ ಬೇಕಾದರೆ. ಅವತ್ತಿನಿಂದ ಮಕ್ಕಳು ಮುಗಿಸಿದ ಕೆಲಸವನ್ನು ನಾನು ಮುಟ್ಟುವುದಿಲ್ಲ. ಸರಿಯಿಲ್ಲದಿದ್ದರೆ ಮುಂದಿನ ವಾರ ಶುರು ಮಾಡುವ ಮೊದಲು ಒಂದು ಸಲ ತೋರಿಸುತ್ತೇನೆ, ಅಷ್ಟೇ.

ಆ ನಾಲ್ಕು ತಿಂಗಳಲ್ಲಿ ಇನ್ನೊಂದು ದಡ್ಡತನವನ್ನೂ ಮಾಡಿದೆ. ಕೆಲಸ ಮಾಡಿದರೆ ಸ್ಟಿಕರ್, ಹತ್ತು ಸ್ಟಿಕರ್ ಆದರೆ ಒಂದು ಬಹುಮಾನ. ಎರಡು ವಾರ ಭರ್ಜರಿಯಾಗಿ ನಡೆಯಿತು. ಮೂರನೇ ವಾರ ಬಿದ್ದ ಟವೆಲ್ ಎತ್ತಿಕೊಡು ಅಂದರೆ "ಇದಕ್ಕೆ ಎಷ್ಟು ಸ್ಟಿಕರ್?" ಅಂದಳು. ಅದೇ ವಾರ್ನೆಕನ್ ಮತ್ತು ಟೊಮಸೆಲೊ 2008ರಲ್ಲಿ ಇದನ್ನೂ ಪರೀಕ್ಷಿಸಿದ್ದರಂತೆ. ಸಹಾಯ ಮಾಡಿದ್ದಕ್ಕೆ ವಸ್ತುವಿನ ಬಹುಮಾನ ಪಡೆದ ಇಪ್ಪತ್ತು ತಿಂಗಳ ಮಕ್ಕಳು, ಏನೂ ಪಡೆಯದ ಮಕ್ಕಳಿಗಿಂತ ಆಮೇಲೆ ಕಡಿಮೆ ಸಹಾಯ ಮಾಡಿದರು. ಸ್ಟಿಕರ್ ಹಾಳೆ ಕಸದ ಬುಟ್ಟಿಗೆ ಹೋಯಿತು. ಅದೇ ರೀತಿ ಮನೆಕೆಲಸವನ್ನು ಶಿಕ್ಷೆಯಾಗಿಯೂ ನಾವು ಯಾವತ್ತೂ ಕೊಟ್ಟಿಲ್ಲ.

ಓದು ಬಂದ ಮೇಲೆ, ಏಳನೇ ವರ್ಷಕ್ಕೆ, ಬಟ್ಟೆಯ ಒಳಗಿನ ಲೇಬಲ್ ನೋಡುವ ಕೆಲಸ. ಇದು ಅವಳಿಗೆ ಹುಚ್ಚು ಹಿಡಿಸಿತು. ಲೇಬಲ್ಲಿನಲ್ಲಿ ಪುಟ್ಟ ಇಸ್ತ್ರಿ ಪೆಟ್ಟಿಗೆಯ ಚಿತ್ರ, ಅದರೊಳಗೆ ಚುಕ್ಕಿಗಳು. ಆಗಿನ ಲೆಕ್ಕದಲ್ಲಿ ಒಂದು ಚುಕ್ಕಿಗೆ 110 ಡಿಗ್ರಿ ಸೆಲ್ಸಿಯಸ್ ತನಕ, ಎರಡಕ್ಕೆ 150, ಮೂರಕ್ಕೆ 200. ಚಿತ್ರದ ಮೇಲೆ ಅಡ್ಡಗೆರೆ ಇದ್ದರೆ ಇಸ್ತ್ರಿಯೇ ಬೇಡ. ನೈಲಾನ್‌ನಂಥ ಬಟ್ಟೆಗೆ ಸಾಮಾನ್ಯವಾಗಿ ಒಂದು, ರೇಷ್ಮೆ ಉಣ್ಣೆಗೆ ಎರಡು, ಹತ್ತಿಗೆ ಮೂರು. ಅವಳು ಚುಕ್ಕಿ ನೋಡಿ ಮೂರು ಗುಡ್ಡೆ ಮಾಡುತ್ತಿದ್ದಳು. ನಾನು ಒಂದು ಚುಕ್ಕಿಯ ಗುಡ್ಡೆಯಿಂದ ಶುರು ಮಾಡುತ್ತಿದ್ದೆ. ಪೆಟ್ಟಿಗೆ ಬೇಗ ಕಾಯುತ್ತದೆ, ಆದರೆ ನಿಧಾನಕ್ಕೆ ಆರುತ್ತದೆ. ಹತ್ತಿ ಬಟ್ಟೆ ಮುಗಿಸಿ ತಕ್ಷಣ ನೈಲಾನ್‌ಗೆ ಇಟ್ಟರೆ ಅಂಗಿ ತಳಕ್ಕೆ ಅಂಟಿಕೊಂಡು ಬರುತ್ತದೆ. ಅವಳಿಗೆ ಈ ಕಾರಣ ಹೇಳಿದ್ದೇ ತಡ, ನಾನು ಗುಡ್ಡೆ ತಪ್ಪಿಸಿದರೆ ಗದರಲು ಶುರು ಮಾಡಿದಳು.

ಇಷ್ಟೆಲ್ಲ ಚೆನ್ನಾಗಿ ಹೋಗುತ್ತಿದೆ ಅಂತ ಉಬ್ಬಿ, ಎಂಟನೇ ವರ್ಷಕ್ಕೇ ಪೆಟ್ಟಿಗೆ ಕೈಗೆ ಕೊಟ್ಟೆ. ಅದು ತಪ್ಪು. ಅವಳ ತಪ್ಪಲ್ಲ, ಪೂರ್ತಿ ನನ್ನದೇ. ದೊಡ್ಡವರ ಎತ್ತರದ ಇಸ್ತ್ರಿ ಟೇಬಲ್, ಅವಳು ಸ್ಟೂಲಿನ ಮೇಲೆ. ವೈರು ನಡೆದಾಡುವ ಜಾಗಕ್ಕೆ ಅಡ್ಡವಾಗಿತ್ತು. ಐದು ವರ್ಷದ ತಮ್ಮ ಓಡಿ ಬಂದವನು ವೈರಿಗೆ ಕಾಲು ಕೊಟ್ಟ. ಪೆಟ್ಟಿಗೆ ಅವನ ಪಕ್ಕದಲ್ಲೇ ನೆಲಕ್ಕೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ನೆಲದ ಹಾಸಿನ ಮೇಲೆ ಕಂದು ಕಲೆ ಮಾತ್ರ ಆಯಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ವರ್ಷ ಪೆಟ್ಟಿಗೆಯ ಮಾತೇ ಎತ್ತಲಿಲ್ಲ.

ಹತ್ತನೇ ವರ್ಷಕ್ಕೆ ಮತ್ತೆ ಶುರು ಮಾಡಿದಾಗ ವಯಸ್ಸು ನೋಡಲಿಲ್ಲ, ಬೇರೆ ಎರಡು ವಿಷಯ ನೋಡಿದೆ. ಮೊದಲನೆಯದು ಎತ್ತರ. ಬಟ್ಟೆ ಹರಡಿದ ಮೇಲ್ಮೈ ಮಗುವಿನ ಸೊಂಟದ ಮಟ್ಟಕ್ಕಿರಬೇಕು, ಮೊಣಕೈ ಅದಕ್ಕಿಂತ ಮೇಲಿರಬೇಕು. ಸ್ಟೂಲ್ ಹತ್ತಿಸುವುದಲ್ಲ, ಟೇಬಲ್ ಇಳಿಸುವುದು. ನಮ್ಮದು ಇಳಿಯುವ ಟೇಬಲ್ ಅಲ್ಲ. ಅದಕ್ಕೇ ಗಟ್ಟಿಯಾದ ಗಿಡ್ಡ ಮೇಜಿನ ಮೇಲೆ ಹತ್ತಿಯ ದಪ್ಪ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ.

ಎರಡನೆಯದು ಅಡಚಣೆ ಬಂದಾಗ ಕೈ ಏನು ಮಾಡುತ್ತದೆ ಅನ್ನೋದು. ಇದಕ್ಕೆ ಎರಡು ವಾರ ತಣ್ಣಗಿನ ಪೆಟ್ಟಿಗೆಯಲ್ಲೇ ಅಭ್ಯಾಸ ಮಾಡಿಸಿದೆ. ಪ್ಲಗ್ ಹಾಕಿಯೇ ಇಲ್ಲ, ಆದರೆ ಬಿಸಿ ಇದೆ ಅಂತಲೇ ನಡೆದುಕೊಳ್ಳಬೇಕು. ಅವಳು ಉಜ್ಜುತ್ತಿರುವಾಗ ನಾನು ಬೇಕಂತಲೇ ಕರೆಯುತ್ತಿದ್ದೆ, ಫೋನ್ ರಿಂಗ್ ಮಾಡಿಸುತ್ತಿದ್ದೆ, ಏನಾದರೂ ಬೀಳಿಸುತ್ತಿದ್ದೆ. ಅವಳು ಮೊದಲು ಪೆಟ್ಟಿಗೆಯನ್ನು ಎತ್ತಿ ಹಿಂಬದಿಯ ಮೇಲೆ ನಿಲ್ಲಿಸಬೇಕು, ಆಮೇಲೆ ತಲೆ ತಿರುಗಿಸಬೇಕು. ಮೊದಲ ದಿನ ಹತ್ತಕ್ಕೆ ಏಳು ಸಲ ಬಟ್ಟೆಯ ಮೇಲೇ ಮುಖ ಕೆಳಗೆ ಬಿಟ್ಟು ತಿರುಗಿದಳು. ಎರಡನೇ ವಾರದ ಕೊನೆಗೆ ಒಂದು ಸಲವೂ ಬಿಡಲಿಲ್ಲ. ಆಗ ಪ್ಲಗ್ ಹಾಕಿದೆ. ವೈರು ಗೋಡೆಯ ಕಡೆಗೆ. ತಮ್ಮ ಇನ್ನೊಂದು ಕೋಣೆಯಲ್ಲಿ. ಹಬೆ ಇಲ್ಲದ ಸಾದಾ ಪೆಟ್ಟಿಗೆ, ಯಾಕೆಂದರೆ ಹಬೆ ಯಾವ ಕಡೆಯಿಂದ ಬಂದು ಕೈ ಸುಡುತ್ತದೆ ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ.

ಮೊದಲ ತಿಂಗಳು ಬರೀ ಕರವಸ್ತ್ರ. ಚೌಕ, ಗುಂಡಿ ಇಲ್ಲ, ಸುಟ್ಟರೂ ಅಳಬೇಕಾಗಿಲ್ಲ. ಆಮೇಲೆ ದಿಂಬಿನ ಕವರ್, ಆಮೇಲೆ ಶಾಲೆಯ ಪ್ಯಾಂಟು. ಅಂಗಿಗೆ ಬರುವಷ್ಟರಲ್ಲಿ ಆರು ತಿಂಗಳು. ಅಂಗಿಯಲ್ಲಿ ನಾನು ಕಲಿಸಿದ ಕ್ರಮ ಇದು: ಮೊದಲು ಕಾಲರ್, ತುದಿಯಿಂದ ನಡುವಿಗೆ. ಆಮೇಲೆ ತೋಳಿನ ಪಟ್ಟಿ, ತೋಳು, ಹೆಗಲು. ಕೊನೆಗೆ ಮುಂಭಾಗ, ಬೆನ್ನು. ದೊಡ್ಡ ಭಾಗ ಮೊದಲೇ ಮಾಡಿದರೆ ತೋಳಿಗೆ ಬರುವಷ್ಟರಲ್ಲಿ ಬೆನ್ನು ಮತ್ತೆ ಮುದುಡಿರುತ್ತದೆ. ಚಿತ್ರ ಅಚ್ಚಾದ ಟೀ ಶರ್ಟ್ ಆದರೆ ಒಳಗಿನದು ಹೊರಗೆ ತಿರುಗಿಸಿ.

"ನೀರು ಹಾಕಿದ್ರೆ ಸುಕ್ಕು ಯಾಕೆ ಬೇಗ ಹೋಗುತ್ತೆ?" ಅಂತ ಅವಳೇ ಕೇಳಿದ್ದಳು. ಹತ್ತಿಯ ಎಳೆಗಳೊಳಗೆ ಸಣ್ಣ ಸಣ್ಣ ಕೊಂಡಿಗಳಿವೆ, ಬಟ್ಟೆ ಮುದುಡಿ ಒಣಗಿದಾಗ ಅವು ಮುದುಡಿದ ಹಾಗೇ ಕಚ್ಚಿಕೊಂಡಿರುತ್ತವೆ, ನೀರು ಮತ್ತು ಬಿಸಿ ಅವನ್ನು ಬಿಡಿಸುತ್ತವೆ, ಚಪ್ಪಟೆ ಇರುವಾಗ ಒಣಗಿದರೆ ಚಪ್ಪಟೆಯಾಗಿಯೇ ಮತ್ತೆ ಕಚ್ಚಿಕೊಳ್ಳುತ್ತವೆ ಅಂದೆ. "ಹಾಗಾದ್ರೆ ಬಿಸಿ ಇರುವಾಗಲೇ ಮಡಚಬಾರದು" ಅಂದಳು. ಅದು ನಾನು ಹೇಳಿಕೊಟ್ಟಿದ್ದಲ್ಲ.

ಸುಡುವುದರ ಪಾಠ ಮಾತ್ರ ನನ್ನ ಹೆಬ್ಬೆರಳಿನಿಂದ ಆಯಿತು. ತೋಳು ಸರಿಮಾಡುವಾಗ ಪೆಟ್ಟಿಗೆಯ ಅಂಚು ತಾಗಿತು. ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತೆ, ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಗಡಿಯಾರ ನೋಡಲು ಹೇಳಿದೆ. 20 ನಿಮಿಷ, ಹರಿಯುವ ತಣ್ಣೀರು. ಮಂಜುಗಡ್ಡೆ ಬೇಡ, ಟೂತ್‌ಪೇಸ್ಟ್ ಬೇಡ, ಎಣ್ಣೆ ಬೇಡ. ಇಪ್ಪತ್ತು ನಿಮಿಷ ಎಷ್ಟು ಉದ್ದ ಅನ್ನೋದು ನಿಂತು ನೋಡಿದವರಿಗೇ ಗೊತ್ತು. ಚಿಕ್ಕವನು ಹತ್ತನೇ ನಿಮಿಷಕ್ಕೇ "ಸಾಕಾ?" ಅಂದ. ಅಕ್ಕ "ಇಲ್ಲ, ಇನ್ನೂ ಹತ್ತು" ಅಂದಳು.

ಈ ಚಿಕ್ಕವನದು ಬೇರೆಯೇ ಕಥೆ. ಹುಡುಗ ಅಂತ ಅವನಿಗೆ ಇಸ್ತ್ರಿ ಬೇಡ ಅನ್ನುವ ಮಾತು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಇಸ್ತ್ರಿ ಹಾಕುವವನೇ ಅಪ್ಪ! ಆದರೆ ಹತ್ತಕ್ಕೆ ಅವನು ತಯಾರಿರಲಿಲ್ಲ. ತಣ್ಣನೆ ಪೆಟ್ಟಿಗೆಯ ಪರೀಕ್ಷೆಯಲ್ಲಿ, ಕರೆದರೆ ಸಾಕು, ಪೆಟ್ಟಿಗೆ ಬಿಟ್ಟು ಓಡಿಬಿಡುತ್ತಿದ್ದ. "ಅಕ್ಕನಿಗೆ ಹತ್ತಕ್ಕೇ ಕೊಟ್ಟೆ" ಅಂತ ಜಗಳ ಬೇರೆ. ನಾನು ಬಗ್ಗಲಿಲ್ಲ. ಅದರ ಬದಲು ಬಟ್ಟೆ ಒಗೆಯುವ ಮೆಷಿನ್ ಪೂರ್ತಿ ಅವನಿಗೇ ಬಿಟ್ಟೆ. ಬಣ್ಣ ಬೇರೆ ಮಾಡುವುದು, ಜೇಬು ನೋಡುವುದು, ಪುಡಿ ಅಳೆದು ಹಾಕುವುದು, ಒಣಹಾಕುವುದು. ಒದ್ದೆ ಬಟ್ಟೆಯನ್ನು ಜೋರಾಗಿ ಒದರಿ, ಅಂಚು ಎಳೆದು ಹಾಕಿದರೆ ಅರ್ಧ ಇಸ್ತ್ರಿ ಅಲ್ಲೇ ಮುಗಿಯುತ್ತದೆ ಅಂತ ತೋರಿಸಿದೆ. ಅದನ್ನು ಅವನು ಅಕ್ಕನಿಗಿಂತ ಚೆನ್ನಾಗಿ ಮಾಡುತ್ತಾನೆ. ಹನ್ನೊಂದೂವರೆಗೆ ಪರೀಕ್ಷೆ ಪಾಸಾದ.

ಈಗ ಅವನಿಗೆ ಹನ್ನೆರಡು, ಅವಳಿಗೆ ಹದಿನೈದು. ಅವರವರ ಬಟ್ಟೆ ಅವರವರಿಗೆ. "ಅಪ್ಪನಿಗೆ ಸಹಾಯ ಮಾಡು" ಅನ್ನುವ ಮಾತನ್ನೂ ಬಿಟ್ಟಿದ್ದೇನೆ, ಅವರ ಅಂಗಿ ನನ್ನ ಕೆಲಸವಲ್ಲವಲ್ಲ. ಮಗಳು ಈಗ ಅರ್ಧ ಬಟ್ಟೆಗೆ ಇಸ್ತ್ರಿಯೇ ಬೇಡ ಅಂತ ತೀರ್ಮಾನಿಸಿದ್ದಾಳೆ. ಸೋಮವಾರ ಮುದುಡಿದ ಅಂಗಿಯಲ್ಲೇ ಹೊರಡುತ್ತಾಳೆ. ನನ್ನ ಕೈ ತುರಿಸುತ್ತದೆ, ಸುಮ್ಮನಿರುತ್ತೇನೆ. ಮಗ ಸ್ವಿಚ್ ಆರಿಸುತ್ತಾನೆ, ಆದರೆ ಪ್ಲಗ್ ಕೀಳುವುದನ್ನು ಆಗಾಗ ಮರೆಯುತ್ತಾನೆ. ಹಾಗಾಗಿ ಅವನ ಮಟ್ಟಿಗೆ ಒಂದು ನಿಯಮ ಇನ್ನೂ ಇದೆ: ದೊಡ್ಡವರು ಯಾರಾದರೂ ಮನೆಯಲ್ಲಿದ್ದರೆ ಮಾತ್ರ ಪೆಟ್ಟಿಗೆ. ಸತತ ಎರಡು ತಿಂಗಳು ಮರೆಯದಿದ್ದರೆ ಅದನ್ನೂ ತೆಗೆಯುತ್ತೇನೆ ಅಂದಿದ್ದೇನೆ. ಹೋದ ವಾರ ಐದನೇ ವಾರಕ್ಕೆ ಬಂದು ಮರೆತ. ಮತ್ತೆ ಒಂದರಿಂದ ಎಣಿಕೆ.