ಥೈಮಸ್ ಪಾಠ ಮಟನ್ ಅಂಗಡಿಯಿಂದ ಶುರು

ಕಲಬುರಗಿಯ ಪದವಿ ಕಾಲೇಜಿನಲ್ಲಿ ಬಿಎಸ್ಸಿ ಹುಡುಗರಿಗೆ ಇಮ್ಯುನಾಲಜಿ, ಅಂದರೆ ರೋಗನಿರೋಧಕ ಶಕ್ತಿಯ ಪಾಠ ಹೇಳುತ್ತೇನೆ. ಥೈಮಸ್ ಬಗ್ಗೆ ನೋಟ್ಸಿನಲ್ಲಿ ಇರುವುದು ಎರಡು ಸಾಲು: ಎದೆಮೂಳೆಯ ಹಿಂದೆ ಇರುತ್ತದೆ, ದೇಹದ ಕಾವಲಿಗಿರುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಅಲ್ಲಿ ಬಲಿಯುತ್ತವೆ. ಇಷ್ಟು ಓದಿದವರಿಗೆ ಅದು ಕೋಶ ಬೆಳೆಸುವ ಅಂಗ ಅನ್ನಿಸುತ್ತದೆ. ಆದರೆ ಅಲ್ಲಿ ಹುಟ್ಟಿದ್ದರಲ್ಲಿ ಬದುಕಿ ಹೊರಗೆ ಬರುವುದು ನೂರಕ್ಕೆ ಐದೂ ಕಷ್ಟ. ಅದನ್ನು ಕಣ್ಣಾರೆ ತೋರಿಸೋಣವೆಂದು ಮಟನ್ ಅಂಗಡಿಗೆ ಹೋಗತೊಡಗಿದೆ.

ದೊಡ್ಡ ಕುರಿ ಬೇಡ, ಅದರಲ್ಲಿ ಥೈಮಸ್ ಹೋಗಿ ಹೆಚ್ಚಿನಂಶ ಕೊಬ್ಬೇ ಉಳಿದಿರುತ್ತದೆ. ಎಳೆ ಮರಿಯದು ಬೇಕು. “ಗಂಟಲ ಕೊಳವಿ ಎರಡೂ ಬಾಜೂ ಬೆಳ್ಳಗ ಮೆತ್ತಗ ಇರ್ತದಲ್ಲ, ಅದ ಕೊಡ್ರಿ” ಅಂದರೆ, “ಅದ ಯಾರೂ ಕೇಳಂಗಿಲ್ರಿ ಸರ, ಹಂಗೇ ಒಯ್ರಿ” ಅನ್ನುತ್ತಾರೆ ಅಂಗಡಿಯವರು. ಕುರಿಮರಿಯಲ್ಲಿ ಅದು ಕುತ್ತಿಗೆಯುದ್ದಕ್ಕೂ ಇಳಿದು ಹೃದಯದ ಮುಂದೆ ಮುಗಿಯುತ್ತದೆ. ಸೊರಗಿದ ಮರಿಯದಾದರೆ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ, ಅಷ್ಟು ತೆಳು. ಹಸಿವು, ಕಾಯಿಲೆಯಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಇಲ್ಲಿನ ಎಳೆ ಕೋಶಗಳು ತಾಳುವುದಿಲ್ಲ. ಅಪೌಷ್ಟಿಕ ಮಕ್ಕಳಲ್ಲೂ ಹೀಗೇ ಕುಗ್ಗುತ್ತದೆ. ಅಂಗನವಾಡಿಯಲ್ಲಿ ಮಕ್ಕಳ ತೂಕ ಯಾಕೆ ಹಾಕುತ್ತಾರೆ ಅನ್ನುವುದನ್ನೂ ಆ ದಿನವೇ ಮಾತಾಡಿಬಿಡುತ್ತೇವೆ.

ಹೊಸ ಬ್ಲೇಡಿನಲ್ಲಿ ಕೊಯ್ದು, ಕೊಯ್ದ ಮುಖವನ್ನು ಫಿಲ್ಟರ್ ಪೇಪರಿಗೆ ಒತ್ತಿ ರಕ್ತ ಹೀರಿಸಿ, ಸ್ಲೈಡಿಗೆ ಮೆಲ್ಲಗೆ ಮುಟ್ಟಿಸಿ ಎತ್ತಬೇಕು. ಎಳೆದರೆ ಕೋಶ ಹರಿದುಹೋಗುತ್ತವೆ. ಒಣಗಿದ ಮೇಲೆ ಎರಡು ನಿಮಿಷ ಲೀಶ್ಮನ್ ಬಣ್ಣ, ಅದರ ಮೇಲೆ ಎರಡರಷ್ಟು ಬಫರ್, ಹತ್ತು ನಿಮಿಷ. ಬಫರ್ ಪಿಎಚ್ 6.8 ಇರಲಿ. ಬೋರಿನ ನೀರು ಹಾಕಿದರೆ ಎಲ್ಲವೂ ನೀಲಿಗಟ್ಟುತ್ತದೆ. ಲೆನ್ಸಿನಡಿ ಕಾಣುವುದು ಸಂಕ್ರಾಂತಿ ಸಜ್ಜಿ ರೊಟ್ಟಿಗೆ ಒತ್ತಿದ ಎಳ್ಳಿನ ಹಾಗೆ ಕಿಕ್ಕಿರಿದ ಸಣ್ಣ ಕೋಶಗಳು.

“ಸರ, ನೂರಕ್ಕ ತೊಂಬತ್ತೈದು ಸಾಯ್ತಾವ ಅಂತೀರಿ. ಹಂಗಾದ್ರ ಹೆಣ ಎಲ್ಯಾವ್ರೀ?” ಎಂದು ಒಬ್ಬಳು ಕೇಳಿದಳು. ಇಷ್ಟು ಒಳ್ಳೆಯ ಪ್ರಶ್ನೆ ಈ ಪಾಠದಲ್ಲಿ ಬೇರೆ ಯಾರೂ ಕೇಳಿಲ್ಲ. ಎಳ್ಳು ಉದುರಿದ ಜಾಗ ಹುಡುಕು ಅಂದೆ. ಅಲ್ಲಲ್ಲಿ ತಿಳಿಬಣ್ಣದ ದೊಡ್ಡ ಕೋಶ, ಅದರೊಳಗೆ ಕಡುನೇರಳೆ ಚೂರುಗಳು. ಆ ದೊಡ್ಡದು ಮ್ಯಾಕ್ರೋಫೇಜ್, ಸತ್ತದ್ದನ್ನು ನುಂಗುವ ಕೋಶ; ಚೂರುಗಳೇ ಹೆಣ. ಕೋಶ ತಾನಾಗಿಯೇ ಕ್ರಮವಾಗಿ ಸಾಯುವ ಈ ಬಗೆಗೆ ಅಪೊಪ್ಟೋಸಿಸ್ ಎನ್ನುತ್ತಾರೆ, ಇದರಲ್ಲಿ ಕೋಶ ಒಡೆದು ಚೆಲ್ಲುವುದಿಲ್ಲ. ಕುಗ್ಗಿ ತುಂಡಾಗುತ್ತದೆ, ತುಂಡುಗಳನ್ನು ಮ್ಯಾಕ್ರೋಫೇಜ್ ಕೂಡಲೇ ನುಂಗಿಬಿಡುತ್ತದೆ. ಹಾಗಾಗಿ ಯಾವಾಗ ಕೊಯ್ದು ನೋಡಿದರೂ ಸತ್ತದ್ದು ಕಾಣುವುದು ಸ್ವಲ್ಪವೇ.

ಸಾಯುವುದೆಲ್ಲ ಸ್ವಂತ ದೇಹದ ಮೇಲೆ ಬೀಳುವ ಕೋಶಗಳೇ ಎಂಬಂತೆ ಗೈಡುಗಳು ಬರೆಯುತ್ತವೆ. ನನ್ನ ತಕರಾರು ಇಲ್ಲೇ. ಪ್ರತಿ ಕೋಶವೂ ಜೀನ್ ತುಣುಕುಗಳನ್ನು ಕಲಸಿ, ಎದುರಿನದನ್ನು ಹಿಡಿಯುವ ತನ್ನ ಗ್ರಾಹಕ (ರಿಸೆಪ್ಟರ್) ಕಟ್ಟಿಕೊಳ್ಳುತ್ತದೆ. ಅದು ಏನನ್ನು ಹಿಡಿಯುತ್ತದೋ ಮೊದಲೇ ಗೊತ್ತಿಲ್ಲ. ಥೈಮಸ್‌ನ ಹೊರಭಾಗವಾದ ಕಾರ್ಟೆಕ್ಸ್‌ನಲ್ಲಿ ಅದು ತನ್ನದೇ ದೇಹದ ಎಂಎಚ್‌ಸಿಯನ್ನು, ಅಂದರೆ ಪ್ರೋಟೀನ್ ಚೂರುಗಳನ್ನು ಎತ್ತಿ ತೋರಿಸುವ ಅಣುವನ್ನು, ಹಗುರವಾಗಿ ಹಿಡಿದರೆ ಉಳಿಯುತ್ತದೆ. ಬಹುಪಾಲು ಕೋಶಗಳಿಗೆ ಅದೂ ಆಗದು. ಬದುಕುವ ಸಂಕೇತ ಸಿಗದೆ ಮೂರ್ನಾಲ್ಕು ದಿನದಲ್ಲಿ ಸಾಯುತ್ತವೆ. ಸ್ವಂತ ದೇಹದ್ದನ್ನು ಬಿಗಿಯಾಗಿ ಹಿಡಿದು ಸಾಯುವವು ಬೇರೆ ಲೆಕ್ಕ.

ಆ ಲೆಕ್ಕದ ಒಂದು ಭಾಗ ನಡೆಯುವುದು ಥೈಮಸ್‌ನ ಒಳಭಾಗವಾದ ಮೆಡುಲ್ಲಾದಲ್ಲಿ. ಅಲ್ಲಿನ ಕೋಶಗಳು ಏರ್ ಎಂಬ ಜೀನ್‌ನಿಂದ ಇನ್ಸುಲಿನ್‌ನಂಥ ಬೇರೆ ಅಂಗಗಳ ಪ್ರೋಟೀನುಗಳನ್ನೂ ತಾವೇ ತಯಾರಿಸಿ ತೋರಿಸುತ್ತವೆ. ಅವನ್ನು ಬಿಗಿಯಾಗಿ ಹಿಡಿದ ಟಿ ಕೋಶ ಸಾಯುತ್ತದೆ, ಇಲ್ಲವೇ ಉಳಿದವರನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಕೋಶವಾಗುತ್ತದೆ. ಎಚ್ ಅಂಡ್ ಇ ಬಣ್ಣ ಹಾಕಿದ ತೆಳು ಸೆಕ್ಷನ್‌ನಲ್ಲಿ ಹ್ಯಾಸಲ್ ಕಾಯಗಳೆಂಬ ಕೋಶಗುಂಪುಗಳು ಸುರುಳಿ ಸುರುಳಿಯಾಗಿ ಕಾಣುವುದರಿಂದ ಮೆಡುಲ್ಲಾ ಯಾವುದೆಂದು ಗುರುತಿಸಬಹುದು. ಏರ್ ಮಾತ್ರ ನಮ್ಮ ಮೈಕ್ರೋಸ್ಕೋಪಿಗೆ ಸಿಗುವಂಥದ್ದಲ್ಲ.

ಇಲ್ಲಿಂದ ಮುಂದೆ ಬೋರ್ಡಿನ ಮೇಲೆ ಎರಡು ಇಲಿ ಬರೆಯುತ್ತೇನೆ. ಹುಟ್ಟಿದ ಕೂಡಲೇ ಥೈಮಸ್ ತೆಗೆದ ಇಲಿಮರಿಗಳಲ್ಲಿ ಲಿಂಫೊಸೈಟ್ (ಟಿ ಕೋಶಗಳೂ ಸೇರುವ ಬಿಳಿ ರಕ್ತಕಣ) ಕಡಿಮೆಯಾಗಿ, ಕಸಿ ಮಾಡಿದ ಪರರ ಚರ್ಮವನ್ನೂ ಅವು ತಳ್ಳಿಹಾಕಲಿಲ್ಲ ಎಂದು ವಿಜ್ಞಾನಿ ಜಾಕ್ ಮಿಲ್ಲರ್ 1961ರಲ್ಲಿ ತೋರಿಸಿದರು. ಮೂರನೆಯ ದಿನಕ್ಕೆ ತೆಗೆದರೆ ಕಥೆ ತಿರುವುಮುರುವು: ಕಾವಲೇ ಅಂಡಾಶಯವನ್ನು ತಿನ್ನುತ್ತದೆ. ದಾಳಿ ಮಾಡಬಲ್ಲ ಕೋಶಗಳು ಅಷ್ಟರಲ್ಲಿ ಹೊರಬಿದ್ದಿರುತ್ತವೆ, ನಿಯಂತ್ರಕಗಳು ಸಾಕಷ್ಟು ಬಂದಿರುವುದಿಲ್ಲ. ಈ ಎಳೆ ಹಿಡಿದೇ ಶಿಮೋನ್ ಸಕಾಗುಚಿ 1995ರಲ್ಲಿ ನಿಯಂತ್ರಕ ಟಿ ಕೋಶಗಳನ್ನು ಗುರುತಿಸಿದರು. 2025ರ ನೊಬೆಲ್ ಅವರಿಗೆ, ಮೇರಿ ಬ್ರಂಕೋ ಹಾಗೂ ಫ್ರೆಡ್ ರಾಮ್ಸ್‌ಡೆಲ್ ಜೊತೆಗೆ.

ಪಾಠ ಮುಗಿಯುವಾಗ ಒಬ್ಬ ಎದ್ದ: “ನಮ್ಮ ಚಿಗವ್ವಗ ಮಯಸ್ಥೇನಿಯಾ ಅಂತ ಸೊಲ್ಲಾಪುರದಾಗ ಥೈಮಸ್ ತಗದಾರ. ಆಕಿಗೇನೂ ಆಗಂಗಿಲ್ಲೇನ್ರಿ?” ದೊಡ್ಡವರಲ್ಲಿ ಟಿ ಕೋಶಗಳು ಆಗಲೇ ಮೈತುಂಬ ಇರುತ್ತವೆ, ಹೊರಗೇ ಹೆಚ್ಚುತ್ತವೆ, ಮಿಲ್ಲರ್‌ನ ಇಲಿಯ ಗತಿ ಬರುವುದಿಲ್ಲ ಅಂದೆ. ಸ್ನಾಯುಗಳನ್ನು ಸೋಲಿಸುವ ಆ ಮಯಸ್ಥೇನಿಯಾ ರೋಗಕ್ಕೆ ಥೈಮಸ್ ತೆಗೆಯುವುದರಿಂದ ಗುಣ ಇದೆ ಎಂದು 2016ರ ಪ್ರಯೋಗವೂ ಹೇಳಿತು. ಆದರೆ ಬೇರೆ ಆಪರೇಶನ್ ನಡುವೆ ದಾರಿಗೆ ಅಡ್ಡ ಬಂತೆಂದು ಕಿತ್ತುಹಾಕುವುದು ಬೇರೆ ಮಾತು. 2023ರಲ್ಲಿ ಬಾಸ್ಟನ್‌ನ ವೈದ್ಯರು ಲೆಕ್ಕ ಹಾಕಿದಾಗ, ಐದು ವರ್ಷದಲ್ಲಿ ತೀರಿಕೊಂಡವರು ಥೈಮಸ್ ತೆಗೆಸಿಕೊಂಡವರಲ್ಲಿ ನೂರಕ್ಕೆ 8.1, ಇಟ್ಟುಕೊಂಡವರಲ್ಲಿ 2.8. ಚಿಗವ್ವನ ವೈದ್ಯರನ್ನೇ ಇನ್ನೊಮ್ಮೆ ಕೇಳು, ಗುಳಿಗೆ ಮಾತ್ರ ಬಿಡಿಸಬೇಡ ಎಂದು ಕಳಿಸಿದೆ.