ಬಾವಿ, ಏತ, ಸುರಂಗ, ಮಳೆ: ಮನದ ಪ್ರಾರ್ಥನೆಗೆ ಕೂರುವ ಬಗೆ

ಕಾಸರಗೋಡಿನ ಬೇಳ, ವರ್ಕಾಡಿ, ಮಂಜೇಶ್ವರ ಕಡೆಯ ಕಥೋಲಿಕ ಮನೆಗಳಲ್ಲಿ ಬೆಳೆದವರಿಗೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಬಾಯಿಪಾಠ. ತೊಡಕು ಶುರುವಾಗುವುದು ಜಪಸರ ಕೆಳಗಿಟ್ಟು ಸುಮ್ಮನೆ ಕೂತಾಗ. ಐದು ನಿಮಿಷಕ್ಕೆ ಅಡಿಕೆ ರೇಟು ನೆನಪಾಗುತ್ತದೆ, ಹತ್ತಕ್ಕೆ ತೂಕಡಿಕೆ.

ಮನದ ಪ್ರಾರ್ಥನೆ ಎಂದರೆ ತಲೆ ಖಾಲಿ ಮಾಡುವುದಲ್ಲ. ನಮ್ಮನ್ನು ಪ್ರೀತಿಸುತ್ತಾನೆಂದು ಗೊತ್ತಿರುವವನ ಜೊತೆ ಏಕಾಂತದಲ್ಲಿ ನಡೆಸುವ ಗೆಳೆತನದ ಮಾತುಕತೆ ಅದು ಎನ್ನುತ್ತಾರೆ ಸ್ಪೇನಿನ ಕಾರ್ಮೆಲ್ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ (1515–1582). ಆದ್ದರಿಂದ ಯೋಚನೆ ಎಷ್ಟು ಚೆನ್ನಾಗಿ ಓಡಿತು ಎಂದು ಅಳೆಯಬೇಡಿ. ಮಾತು ನಡೆಯಿತೇ ನೋಡಿ.

ದಿನಕ್ಕೆ 20 ನಿಮಿಷ ಸಾಕು, ಬೆಳಿಗ್ಗೆ, ಮೊಬೈಲು ಮುಟ್ಟುವ ಮೊದಲು. ಬೈಬಲಿನ ವಾಕ್ಯಭಾಗವನ್ನು ಹಿಂದಿನ ರಾತ್ರಿಯೇ ಆರಿಸಿಡಿ. ಬೆಳಿಗ್ಗೆ ಪುಟ ತಿರುವುತ್ತಾ ಕೂತರೆ ಅರ್ಧ ಹೊತ್ತು ಅಲ್ಲೇ ಹೋಯಿತು. ಹತ್ತು ವಚನಕ್ಕಿಂತ ಹೆಚ್ಚು ಬೇಡ. ಮೊದಲ ಸಲಕ್ಕೆ ಯೊವಾನ್ನನ ಶುಭಸಂದೇಶ 4:5–14, ಸಮಾರಿಯದ ಹೆಂಗಸಿನ ಪ್ರಸಂಗ, ಒಳ್ಳೆಯದು.

ಕೂರುವ ಜಾಗಕ್ಕೆ ಒಂದೆರಡು ಹೆಜ್ಜೆ ಇರುವಾಗಲೇ ನಿಲ್ಲಿ. ಪ್ರಭು ನನ್ನನ್ನು ನೋಡುತ್ತಿದ್ದಾನೆ ಎಂದು ನೆನೆದು ತಲೆಬಾಗಿ. ಇದು ಯೇಸುಸಭೆ ಕಟ್ಟಿದ ಲೊಯೋಲಾದ ಸಂತ ಇಗ್ನಾಸಿಯ ಸಲಹೆ; ಸಣ್ಣದೆಂದು ಬಿಡುವವರೇ ಹೆಚ್ಚು, ಬಿಟ್ಟವರ ಮನಸ್ಸು ಅಡುಗೆಮನೆಯಲ್ಲೇ ಉಳಿದಿರುತ್ತದೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡು ಸಲ ನಿಧಾನ ಓದಿ.

ಈಗ ದೃಶ್ಯ ಕಟ್ಟಿ. ನಡುಹಗಲು. ಯಾಕೋಬನ ಬಾವಿಗೆ ನಿಮ್ಮ ಅಂಗಳದ ಮುರಕಲ್ಲಿನ ಕಟ್ಟೆಯನ್ನೇ ಕೊಡಿ: ಹಗ್ಗ ಉಜ್ಜಿದ ಗೆರೆ, ರಾಟೆಯ ಕಿರ್‌ ಸದ್ದು. ನಡೆದು ದಣಿದ ಯೇಸು ಆ ಕಟ್ಟೆಯ ಮೇಲೆ ಕೂತಿದ್ದಾನೆ, ಸೇದಲು ಅವನ ಕೈಯಲ್ಲಿ ಏನೂ ಇಲ್ಲ. ನೀವು ಕೊಡಪಾನ ಹಿಡಿದು ಹೋಗುತ್ತೀರಿ. 'ಕುಡಿಯಲು ನೀರು ಕೊಡು' ಎಂದು ಅವನೇ ಕೇಳುತ್ತಾನೆ. ಆ ಮಾತು ತಾಗಿತೇ? ಅಲ್ಲೇ ನಿಲ್ಲಿ. ಉಳಿದ ವಚನ ನಾಳೆಗೂ ಇರುತ್ತದೆ. ಇನ್ನು ಮಾತಾಡಿ, ನಿಮಗೆ ಸಿಟ್ಟು ಬರುವ, ಅಳು ಬರುವ ಭಾಷೆಯಲ್ಲಿ. ಕೊಂಕಣಿಯೋ ತುಳುವೋ, ಪುಸ್ತಕದ ಕನ್ನಡವೇ ಆಗಬೇಕೆಂದಿಲ್ಲ. ಮಾತು ತೀರಿದರೆ ಸುಮ್ಮನಿರಿ.

ಕೊನೆಯ ನಿಮಿಷಕ್ಕೆ ಒಂದು ತೀರ್ಮಾನ. 'ಒಳ್ಳೆಯವನಾಗುತ್ತೇನೆ' ಎಂದರೆ ಸಂಜೆಗೆ ಮರೆತಿರುತ್ತದೆ. 'ಬೇಲಿ ಜಗಳದಲ್ಲಿ ಮಾತು ಬಿಟ್ಟ ನೆರೆಯವನನ್ನು ಇವತ್ತು ನಾನೇ ಮಾತಾಡಿಸುತ್ತೇನೆ' ಎಂಬಷ್ಟು ಸ್ಪಷ್ಟವಿರಲಿ.

ಮನಸ್ಸು ಓಡಿದರೆ ಅಟ್ಟಿಸಿಕೊಂಡು ಹೋಗಬೇಡಿ, ಅದು ಎರಡನೇ ಓಟವಾಗುತ್ತದೆ. ಹಿಡಿದ ಮಾತಿಗೆ ಮರಳಿ, ಅಷ್ಟೇ. ತೆರೇಸಾ ಸ್ವತಃ ಹದಿನೆಂಟು ವರ್ಷ, ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಸ್ವೀಕರಿಸಿದ ಹೊತ್ತು ಬಿಟ್ಟರೆ, ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಹೆದರುತ್ತಿದ್ದರು. ಗಂಟೆ ಯಾವಾಗ ಮುಗಿದೀತು ಎಂದು ಕಾದದ್ದೂ ಉಂಟು. ತೀರಾ ಒಣಗಿದ ದಿನ ಬೇಗ ಏಳುವ ಆಸೆಯಾಗುತ್ತದಲ್ಲ, ಆವತ್ತು ಎರಡು ನಿಮಿಷ ಹೆಚ್ಚೇ ಕೂರಿ. ಇದೂ ಇಗ್ನಾಸಿಯ ಮದ್ದು.

ತೋಟಕ್ಕೆ ನೀರು ಬರುವ ನಾಲ್ಕು ದಾರಿಯನ್ನು ತೆರೇಸಾ ಹೇಳುತ್ತಾರೆ: ಬಾವಿಯಿಂದ ಸೇದುವುದು, ಚಕ್ರ ತಿರುಗಿಸಿ ಎತ್ತುವುದು, ಹೊಳೆ ಹರಿಯುವುದು, ಮಳೆ. ಚಕ್ರದ ಬದಲು ಏತ, ಹೊಳೆಯ ಬದಲು ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ ಎಂದುಕೊಂಡರೆ ಕಾಸರಗೋಡಿನವರಿಗೆ ಬೇಗ ಹೊಳೆಯುತ್ತದೆ. ಸುರಂಗದ ನೀರು ಗುಡ್ಡದೊಳಗಿಂದ ತಾನೇ ಇಳಿದು ಬರುತ್ತದೆ. ಕಣಿ (ಸಣ್ಣ ಕಾಲುವೆ) ಬಿಡಿಸಿ ತೋಟಕ್ಕೆ ತಿರುಗಿಸುವುದಷ್ಟೇ ನಮ್ಮ ಕೆಲಸ. ಮಳೆಗಂತೂ ನಾವು ಏನೂ ಮಾಡುವ ಹಾಗಿಲ್ಲ. ಮೇಲೆ ಹೇಳಿದ್ದೆಲ್ಲ ಬಾವಿಯ ಕೆಲಸ. ದೇವರ ಮುಂದೆ ಮಾತಿಲ್ಲದೆ ನೆಟ್ಟ ನೋಟವಾಗುವ ಆ ಆಳದ ಮೌನಧ್ಯಾನ ಮಳೆಯ ಕಡೆಯದು. ಅದನ್ನು ತಂತ್ರದಿಂದ ಇಳಿಸಲು ಹೊರಟವರು ಸಾಮಾನ್ಯವಾಗಿ ನಿದ್ದೆಯನ್ನೇ ಧ್ಯಾನ ಎಂದುಕೊಳ್ಳುತ್ತಾರೆ.

ಹಾಗಾದರೆ ಸೇದುವುದನ್ನು ಯಾವಾಗ ಬಿಡಬಹುದು? ತೆರೇಸಾರ ಜೊತೆ ದುಡಿದ ಶಿಲುಬೆಯ ಸಂತ ಯೊವಾನ್ನ (1542–1591) ಮೂರು ಗುರುತು ಕೊಡುತ್ತಾರೆ. ದೃಶ್ಯ ಕಟ್ಟಿ ಯೋಚಿಸಲು ಆಗುವುದಿಲ್ಲ, ರುಚಿಯೂ ಇಲ್ಲ. ಬೇರೆ ವಿಷಯಕ್ಕೆ ಮನಸ್ಸು ಹಾಯಿಸುವ ಆಸೆಯೂ ಇಲ್ಲ. ದೇವರ ಕಡೆ ಪ್ರೀತಿಯ ಗಮನವಿಟ್ಟು ಒಬ್ಬರೇ ಇರುವುದೇ ಹಿತ. ಮೂರೂ ಒಟ್ಟಿಗೆ ಬೇಕು. ಮೊದಲನೆಯದು ಮಾತ್ರ ಇದ್ದರೆ ಅದು ಸೋಮಾರಿತನ ಇರಬಹುದು, ಮನಸ್ಸು ಕುಗ್ಗಿದ್ದೂ ಇರಬಹುದು, ಬಾವಿಗೇ ಮರಳಿ. ಸ್ವಂತ ತೀರ್ಪು ಬೇಡ, ಗುರುಗಳಲ್ಲಿ ಹೇಳಿ. ಮಂಗಳೂರು ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರದಲ್ಲಿರುವ ಕಾರ್ಮೆಲ್ ಗುರುಗಳು ಇದೇ ತೆರೇಸಾ, ಯೊವಾನ್ನರ ಸಭೆಯವರು. ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸು.