ಕಂಪೈಲರ್ ತಾನೇ ಕುಸಿದಾಗ: ಕಾರಣ ಹುಡುಕಿ ವರದಿ ಮಾಡುವ ಬಗೆ

ನಾವು ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶವೇ ಕಂಪೈಲರ್. ಕೋಡ್‌ನಲ್ಲಿ ತಪ್ಪಿದ್ದರೆ ಅದನ್ನು ಸಾಲಿನ ಸಂಖ್ಯೆ ಸಮೇತ ತೋರಿಸುವುದು ಕಂಪೈಲರ್‌ನ ಕೆಲಸ. ಅದರ ಬದಲು ‘ಇಂಟರ್ನಲ್ ಕಂಪೈಲರ್ ಎರರ್’ ಎಂದು ಹೇಳಿ ನಿಂತುಬಿಟ್ಟರೆ ಬಹುತೇಕ ದೋಷ ಕಂಪೈಲರ್‌ನದ್ದೇ. ನಿಮ್ಮ ಕೋಡ್ ತಪ್ಪಾಗಿದ್ದರೂ ಅದು ಕುಸಿಯುವಂತಿಲ್ಲ. ಆದ್ದರಿಂದ ವರದಿ ಮಾಡಲು ಸಂಕೋಚ ಬೇಡ.

ಆದರೆ ಮೊದಲು ಅದೇ ಆಜ್ಞೆಯನ್ನು ಎರಡು ಮೂರು ಸಲ ಓಡಿಸಿ. ಪ್ರತಿ ಸಲವೂ ಬೇರೆ ಬೇರೆ ಕಡೆ ಕುಸಿದರೆ ಅನುಮಾನ ರ‍್ಯಾಮ್ ಮೇಲೆ ಹೋಗಬೇಕು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಓಡಲು ಬಿಡಿ. ‘ಕಿಲ್ಡ್’ ಎಂಬ ಪದ ಕಂಡರೆ ಬಹುತೇಕ ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ಲೇ ಕಂಪೈಲರನ್ನು ಕೊಂದಿರುತ್ತದೆ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ (dmesg) ಆಜ್ಞೆಯಲ್ಲಿ ‘ಔಟ್ ಆಫ್ ಮೆಮೊರಿ’ ಸಾಲು ಸಿಕ್ಕರೆ ಅದು ಖಚಿತ. ಕಂಪೈಲ್ ಕೆಲಸಗಳನ್ನು ಓಡಿಸುವ ಮೇಕ್‌ಗೆ, ಒಟ್ಟಿಗೆ ಎಷ್ಟು ಕೆಲಸ ಎಂದು ಹೇಳಲು ಕೊಟ್ಟ ‘-ಜೆ8’ ಅನ್ನು ‘-ಜೆ2’ಕ್ಕೆ ಇಳಿಸಿ, ಇಲ್ಲವೇ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಹೆಚ್ಚಿಸಿ. ಇವು ಕಂಪೈಲರ್‌ನ ದೋಷಗಳಲ್ಲ.

ಪ್ರತಿ ಸಲ ಒಂದೇ ಜಾಗದಲ್ಲಿ ಕುಸಿದರೆ ಮಾತ್ರ ಮುಂದುವರಿಯಿರಿ. ಸಿ, ಸಿ++ ಕಂಪೈಲರ್ ಆದ ಜಿಸಿಸಿಯಲ್ಲಾದರೆ ಅದೇ ಆಜ್ಞೆಗೆ ‘-ಸೇವ್-ಟೆಂಪ್ಸ್’ ಸೇರಿಸಿ. ಹೆಡರ್‌ಗಳೆಲ್ಲ (ಕೋಡ್ ಒಳಗೆ ಸೇರಿಸಿಕೊಳ್ಳುವ ಬೇರೆ ಕಡತಗಳು) ಒಳಸೇರಿದ ಒಂದೇ ಕಡತ ಸಿಗುತ್ತದೆ: ಸಿ ಭಾಷೆಗೆ ‘.ಐ’, ಸಿ++ಗೆ ‘.ಐಐ’. ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್ ಕುಸಿದಾಗ ಇಂಥ ಕಡತವನ್ನೂ ಅದನ್ನು ಓಡಿಸುವ ಸ್ಕ್ರಿಪ್ಟನ್ನೂ ತಾನಾಗಿಯೇ ಬರೆದಿಡುತ್ತದೆ. ಎಲ್ಲಿದೆ ಎಂಬುದು ದೋಷ ಸಂದೇಶದ ಕೊನೆಯಲ್ಲಿರುತ್ತದೆ. ಆ ಕಡತ ಒಂದನ್ನೇ ಕಂಪೈಲ್ ಮಾಡಿ ಅದೇ ದೋಷ ಬರುತ್ತದೆಯೇ ನೋಡಿ. ದೋಷ ಬಾರದ ಕಡತವನ್ನು ಕಳಿಸಿದರೆ ಕಂಪೈಲರ್ ಡೆವಲಪರ್‌ಗಳಿಗೆ ಏನೂ ತಿಳಿಯುವುದಿಲ್ಲ.

ನಿಜವಾದ ದುಡಿಮೆ ಇರುವುದು ಕಡತವನ್ನು ಕಿರಿದುಗೊಳಿಸುವುದರಲ್ಲಿ. ಹೆಡರ್ ತುಂಬಿದ ಕಡತ ಹತ್ತಾರು ಸಾವಿರ ಸಾಲು ಇರಬಹುದು. ಹತ್ತಿಪ್ಪತ್ತು ಸಾಲಿನದನ್ನು ಡೆವಲಪರ್ ಕೂಡಲೇ ಓದಬಲ್ಲರು. ಮೊದಲು ಫ್ಲ್ಯಾಗ್‌ಗಳನ್ನು (ಆಜ್ಞೆಗೆ ಸೇರಿಸಿದ ‘-’ ಇರುವ ಆಯ್ಕೆಗಳು) ಒಂದೊಂದಾಗಿ ತೆಗೆಯಿರಿ. ‘-ಒ2’ದಲ್ಲಿ ಕುಸಿದು ‘-ಒ0’ದಲ್ಲಿ ಕುಸಿಯದಿದ್ದರೆ ದೋಷ ಕೋಡನ್ನು ಚುರುಕುಗೊಳಿಸುವ ಆಪ್ಟಿಮೈಸರ್ ಹಂತದಲ್ಲಿರುವ ಸಂಭವ ಹೆಚ್ಚು. ಆಮೇಲೆ ಕಡತವನ್ನು ತಾನಾಗಿಯೇ ಕಿರಿದುಗೊಳಿಸುವ ಸಿ-ವೈಸ್ ಅಥವಾ ಸಿ-ರೆಡ್ಯೂಸ್ ಉಪಕರಣಕ್ಕೆ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಕೊಡಿ: ಬೇಕಾದ ದೋಷ ಬಂದರೆ 0, ಇಲ್ಲದಿದ್ದರೆ ಬೇರೆ ಸಂಖ್ಯೆ ಹಿಂದಿರುಗಿಸಬೇಕು. ಉಪಕರಣ ಸಾಲುಗಳನ್ನು ಅಳಿಸುತ್ತಾ, ಸ್ಕ್ರಿಪ್ಟನ್ನು ಕೇಳುತ್ತಾ ಸಾಗುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಸ್ಕ್ರಿಪ್ಟ್ ಬರೀ ‘ಇಂಟರ್ನಲ್ ಕಂಪೈಲರ್ ಎರರ್’ ಎಂದು ಹುಡುಕಿದರೆ, ಕಿರಿದಾಗುವ ಹಾದಿಯಲ್ಲಿ ಕಡತ ಬೇರೊಂದು ದೋಷದತ್ತ ಜಾರಿಬಿಡಬಹುದು. ಸಂದೇಶದಲ್ಲಿರುವ ಫಂಕ್ಷನ್ ಹೆಸರನ್ನೂ ಹುಡುಕುವಂತೆ ಮಾಡಿ. ಎರಡನೆಯದು, ಉಪಕರಣವು ತಾತ್ಕಾಲಿಕ ಫೋಲ್ಡರ್‌ನಲ್ಲಿ ಕೆಲಸ ಮಾಡುವುದರಿಂದ ಸ್ಕ್ರಿಪ್ಟ್‌ನಲ್ಲಿ ಕಡತದ ಪೂರ್ಣ ಪಾಥ್ ಬರೆಯಬಾರದು, ಹೆಸರಷ್ಟೇ ಸಾಕು. ಪೂರ್ಣ ಪಾಥ್ ಇದ್ದರೆ ಪ್ರತಿ ಸಲವೂ ಮೂಲ ಕಡತವೇ ಪರೀಕ್ಷೆಗೆ ಒಳಗಾಗಿ, ಏನನ್ನು ಅಳಿಸಿದರೂ ‘ಸರಿ’ ಎಂಬ ಉತ್ತರವೇ ಬರುತ್ತದೆ.

ಕಂಪೈಲರ್‌ನ ಹೊಸ ಆವೃತ್ತಿಯಲ್ಲಿ ದೋಷ ಸರಿಯಾಗಿರಬಹುದು. ಹಲವು ಆವೃತ್ತಿಗಳನ್ನು ಬ್ರೌಸರ್‌ನಲ್ಲೇ ಓಡಿಸಬಲ್ಲ ಕಂಪೈಲರ್ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಅದನ್ನು ನಿಮಿಷದಲ್ಲಿ ನೋಡಬಹುದು. ದೋಷ ಇನ್ನೂ ಉಳಿದಿದ್ದರೆ, ಫಂಕ್ಷನ್ ಹೆಸರು ಹಾಕಿ ಹಳೆಯ ವರದಿಗಳಲ್ಲಿ ಹುಡುಕಿ. ಜಿಸಿಸಿಯ ವರದಿಗಳು ಅದರ ಬಗ್‌ಜಿಲ್ಲಾ ತಾಣದಲ್ಲಿವೆ, ಕ್ಲ್ಯಾಂಗ್ ಮತ್ತು ರಸ್ಟ್ ಭಾಷೆಯ ಕಂಪೈಲರ್‌ನವು ಗಿಟ್‌ಹಬ್‌ನಲ್ಲಿ.

ವರದಿಯಲ್ಲಿ ‘ಜಿಸಿಸಿ -ವಿ’ ಕೊಡುವ ಪೂರ್ತಿ ಉತ್ತರ, ಓಡಿಸಿದ ಆಜ್ಞೆ, ದೋಷ ಸಂದೇಶದ ಎಲ್ಲ ಸಾಲುಗಳು ಮತ್ತು ಕಿರಿದುಗೊಳಿಸಿದ ಕಡತ ಇರಲಿ. ರಸ್ಟ್‌ಗಾದರೆ ‘ರಸ್ಟ್_ಬ್ಯಾಕ್‌ಟ್ರೇಸ್=1’ ಇಟ್ಟು ಬ್ಯಾಕ್‌ಟ್ರೇಸ್ (ಕುಸಿಯುವ ಮುನ್ನ ಕರೆದ ಫಂಕ್ಷನ್‌ಗಳ ಪಟ್ಟಿ) ಸೇರಿಸಿ. ಸ್ಕ್ರೀನ್‌ಶಾಟ್ ಬೇಡ, ಅದರಿಂದ ನಕಲಿಸಲು ಆಗದು. ಹಿಂದಿನ ಆವೃತ್ತಿಯಲ್ಲಿ ಸರಿಯಿತ್ತು ಎನ್ನುವುದಾದರೆ ಮೊದಲ ಸಾಲಲ್ಲೇ ಬರೆಯಿರಿ. ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹುಡುಕುವ ಶ್ರಮ ಅದರಿಂದ ಬಹಳ ಕಡಿಮೆಯಾಗುತ್ತದೆ. ಸಂಸ್ಥೆಯ ಗೋಪ್ಯ ಕೋಡ್ ಕಡತದಲ್ಲಿ ಉಳಿದಿಲ್ಲವೆಂದು ಕಳಿಸುವ ಮುನ್ನ ಕಣ್ಣಾರೆ ನೋಡಿ.

ಪರಿಹಾರ ಬರುವವರೆಗೆ ಕುಸಿಯುವ ಕಡತ ಒಂದನ್ನು ಮಾತ್ರ ‘-ಒ1’ರಲ್ಲಿ ಕಂಪೈಲ್ ಮಾಡಿ ನೋಡಿ. ಹಾಗೆ ಮಾಡಿದ್ದೇಕೆ ಎಂಬುದನ್ನು ವರದಿಯ ಸಂಖ್ಯೆಯೊಂದಿಗೆ ಮೇಕ್‌ಗೆ ಸೂಚನೆ ಬರೆಯುವ ಮೇಕ್‌ಫೈಲ್‌ನಲ್ಲೇ ಟಿಪ್ಪಣಿಯಾಗಿ ಬರೆದಿಡಿ.